ಸ್ಪ್ರಾಕೆಟ್ ಅಲ್ಲಾಡುತ್ತಿದೆ, ಬೋಲ್ಟ್ ಬಿಗಿ ಮಾಡಿದರೆ ಸಾಕಾ?

ಪ್ರಶ್ನೆ: ನಮ್ಮದು 1.9 ಲೀಟರ್‌ನ ಹಳೆಯ ಡೀಸೆಲ್ ಕಾರು. ಆರು ತಿಂಗಳ ಹಿಂದೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೆವು. ಈಗ ಬೆಳಗ್ಗೆ ಸ್ಟಾರ್ಟ್ ಆಗಲು ತುಂಬಾ ಸತಾಯಿಸುತ್ತದೆ, ಬಿಳಿ ಹೊಗೆ ಬರುತ್ತದೆ, ಪಿಕಪ್ ಇಲ್ಲ. ಕವರ್ ಬಿಚ್ಚಿ ನೋಡಿದರೆ ಕ್ರ್ಯಾಂಕ್‌ಶಾಫ್ಟ್ ಸ್ಪ್ರಾಕೆಟ್ (ಎಂಜಿನ್ನಿನ ಮುಖ್ಯ ಶಾಫ್ಟಿನ ತುದಿಯಲ್ಲಿದ್ದು ಬೆಲ್ಟನ್ನು ತಿರುಗಿಸುವ ಹಲ್ಲಿನ ಚಕ್ರ) ಅಲ್ಲಾಡುತ್ತಿದೆ, ನಡುವಿನ ಬೋಲ್ಟ್ ಸಡಿಲ. ಮೆಕ್ಯಾನಿಕ್ ಬಿಗಿ ಮಾಡಿ ಕೊಡುತ್ತೇನೆ ಅನ್ನುತ್ತಾರೆ. ಬೇಕಾದರೆ ಒಂದು ಟಾಕ್ ವೆಲ್ಡಿಂಗ್ (ಚುಕ್ಕೆಯಷ್ಟು ಬೆಸುಗೆ) ಹಾಕೋಣ ಅಂತಲೂ ಹೇಳಿದರು. ಒಪ್ಪಲೇ?

ಉತ್ತರ: ಒಪ್ಪಬೇಡಿ. ಎಂಜಿನ್ನನ್ನು ಇನ್ನು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ, ಗ್ಯಾರೇಜಿಗೆ ಒಯ್ಯಲು ಕೂಡ. ಎಳೆಸಿಕೊಂಡು ಹೋಗಿ.

ಸ್ಪ್ರಾಕೆಟನ್ನು ತಿರುಗಿಸುವುದು ಅದರೊಳಗಿನ ಕೀ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆ ಕೀ ಒಂದು ಸಣ್ಣ ಉಕ್ಕಿನ ತುಂಡು. ಕೆಲವು ಎಂಜಿನ್‌ಗಳಲ್ಲಿ ಅದೂ ಇರುವುದಿಲ್ಲ, ಸ್ಪ್ರಾಕೆಟಿನಲ್ಲೇ ಒಂದು ಗುಬುಟು ಎರಕವಾಗಿರುತ್ತದೆ. ಅದರ ಕೆಲಸ ಸ್ಪ್ರಾಕೆಟ್ ಸರಿಯಾದ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವುದು, ಅಷ್ಟೇ. ಬೆಲ್ಟ್ ಎಳೆಯುವ ಭಾರವನ್ನೆಲ್ಲ ಹೊರುವುದು ಬೋಲ್ಟಿನ ಒತ್ತಡ. ಆ ಒತ್ತಡದಲ್ಲಿ ಸ್ಪ್ರಾಕೆಟಿನ ಮುಖವೂ ಶಾಫ್ಟಿನ ಮುಖವೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬೋಲ್ಟ್ ಸ್ವಲ್ಪ ಸಡಿಲವಾದರೂ ಭಾರವೆಲ್ಲ ಕೀ ಮೇಲೆ ಬೀಳುತ್ತದೆ, ಡೀಸೆಲ್ ಎಂಜಿನ್ ಪ್ರತಿ ಸಲ ಫೈರ್ ಆದಾಗಲೂ ಕ್ರ್ಯಾಂಕ್ ಒಮ್ಮೆ ಜಗ್ಗಿ ಒಮ್ಮೆ ಬಿಡುವುದರಿಂದ ಕೀ ಸುತ್ತಿಗೆಯಂತೆ ತಾನು ಕೂತಿರುವ ತೋಡನ್ನು ಬಡಿಯುತ್ತಾ ಅಗಲ ಮಾಡುತ್ತಾ ಹೋಗುತ್ತದೆ.

ನಿಮ್ಮ ಬಿಳಿ ಹೊಗೆಗೂ ಇದೇ ಕಾರಣ ಇರಬೇಕು. ಒಂದು ಸಣ್ಣ ಲೆಕ್ಕ ನೋಡಿ. ಕೀ ಕೂತಿರುವ ಜಾಗ ಶಾಫ್ಟಿನ ನಡುವಿನಿಂದ 15 ಮಿಲಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಅಲ್ಲಿ ಬರೀ 1 ಮಿಲಿಮೀಟರ್ ಸಡಿಲವಾದರೆ ಸ್ಪ್ರಾಕೆಟ್ ಸುಮಾರು 4 ಡಿಗ್ರಿ ಹಿಂದೆ ಉಳಿಯುತ್ತದೆ. ಇಂತಹ ಹಳೆಯ ಎಂಜಿನ್‌ಗಳಲ್ಲಿ ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಮಾತ್ರವಲ್ಲ, ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪ್ ಕೂಡ ಸಾಮಾನ್ಯವಾಗಿ ಅದೇ ಬೆಲ್ಟಿನಲ್ಲಿ ತಿರುಗುವುದು. ಹಾಗಾಗಿ ಡೀಸೆಲ್ ತಡವಾಗಿ ಒಳಗೆ ಬೀಳುತ್ತದೆ, ತಣ್ಣಗಿರುವ ಎಂಜಿನ್‌ನಲ್ಲಿ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ಕೀ ಪೂರ್ತಿ ಕತ್ತರಿಸಿ ಹೋದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಬರೀ ಬೋಲ್ಟ್ ಬಿಗಿ ಮಾಡಿ ಕಳಿಸಿದ ಒಂದು ಗಾಡಿ ಕೆಲವೇ ವಾರಗಳಲ್ಲಿ ವಾಲ್ವ್ ಬಗ್ಗಿಸಿಕೊಂಡು ನನ್ನ ಹತ್ತಿರ ಬಂದಿತ್ತು. ಆ ಮಾಲೀಕರ ಮುಖ ಇನ್ನೂ ಮರೆತಿಲ್ಲ.

ಬೆಲ್ಟ್ ತೆಗೆದು ಸ್ಪ್ರಾಕೆಟನ್ನು ಹೊರಗೆ ಎಳೆದು ನೋಡಲೇಬೇಕು. ಶಾಫ್ಟಿನ ಮೂತಿಯಲ್ಲಿ ಕೆಂಪು ಕಂದು ಬಣ್ಣದ ನುಣುಪಾದ ಪುಡಿ ಮೆತ್ತಿಕೊಂಡಿದ್ದರೆ ಅದು ಸುಮ್ನೆ ಹಿಡಿದ ತುಕ್ಕಲ್ಲ, ಎರಡು ಲೋಹ ಉಜ್ಜಾಡಿದ ಗುರುತು. ಬಟ್ಟೆಯಲ್ಲಿ ಒರೆಸಿ, ಕೀ ಕೂರುವ ತೋಡಿನ ಅಂಚಿನ ಮೇಲೆ ಉಗುರು ಎಳೆಯಿರಿ. ನೇರವಾಗಿ ಜಾರಿದರೆ ನಿಮ್ಮ ಅದೃಷ್ಟ. ಮೆಟ್ಟಿಲಿಗೆ ಸಿಕ್ಕಿಕೊಂಡಂತೆ ತಡೆದರೆ ಶಾಫ್ಟೇ ಸವೆದಿದೆ.

ಸವೆದಿರುವುದು ಸ್ಪ್ರಾಕೆಟ್ ಮಾತ್ರವಾದರೆ ಹೊಸ ಸ್ಪ್ರಾಕೆಟ್, ಹೊಸ ಕೀ, ಹೊಸ ಬೋಲ್ಟ್ ಹಾಕಿದರೆ ಆಯಿತು. ಶಾಫ್ಟಿನ ತೋಡು ತುಸು ಸವೆದಿದ್ದರೆ, ಲೋಹದ ನಡುವಿನ ಸಂದು ತುಂಬಿ ಗಟ್ಟಿಯಾಗುವ ರಿಟೈನಿಂಗ್ ಕಾಂಪೌಂಡ್ ಬರುತ್ತದೆ, ಲಾಕ್‌ಟೈಟ್ 660 ಅಂಥದ್ದು. ಅದನ್ನು ಹಚ್ಚಿ ಹೊಸ ಭಾಗಗಳನ್ನು ಕೂರಿಸಿ, ಗಟ್ಟಿಯಾಗಲು ಸಮಯ ಕೊಡಬೇಕು. ಜಾಸ್ತಿ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ತೋಡು ಅಗಲ ಮಾಡಿಸಿ ಮೆಟ್ಟಿಲು ಕೀ (ಅರ್ಧ ಅಗಲ, ಅರ್ಧ ಕಿರಿದಾದ ಕೀ) ಹಾಕಿಸಬೇಕು, ಇಲ್ಲವೇ ಕ್ರ್ಯಾಂಕ್ ಬದಲಾಯಿಸಬೇಕು. ತಗಡಿನ ಚೂರು ತುರುಕುವ ಉಪಾಯ ಬೇಡ, ಅದು ಬಡಿತಕ್ಕೆ ಪುಡಿಯಾಗುತ್ತದೆ. ವೆಲ್ಡಿಂಗ್ ಅಂತೂ ಬೇಡವೇ ಬೇಡ. ಕಾವಿಗೆ ಹಿಂದಿನ ಆಯಿಲ್ ಸೀಲ್ ಸುಡುತ್ತದೆ, ಮುಂದೆ ಆ ಸೀಲ್ ಬದಲಿಸಲು ಸ್ಪ್ರಾಕೆಟ್ ಕಳಚಲೂ ಆಗುವುದಿಲ್ಲ.

ಹಳೆಯ ಬೋಲ್ಟ್ ಮತ್ತೆ ಹಾಕಬಾರದು. ಬಿಗಿ ಮಾಡಿದ ಮೇಲೂ ಇಂತಿಷ್ಟು ಡಿಗ್ರಿ ತಿರುಗಿಸುವ ಬೋಲ್ಟ್ ಒಂದು ಸಲ ಹಿಗ್ಗಿದರೆ ಮುಗಿಯಿತು, ಎರಡನೇ ಸಲ ಅಷ್ಟು ಒತ್ತಡ ಕೊಡುವುದಿಲ್ಲ. ಕಳೆದ ಸಲ ಬೆಲ್ಟ್ ಹಾಕುವಾಗ ಹಳೆಯದನ್ನೇ ಹಾಕಿದ್ದರೋ ಏನೋ, ಕೇಳಿ ನೋಡಿ. ಸ್ಪ್ರಾಕೆಟಿನ ಮುಖಕ್ಕೂ ಶಾಫ್ಟಿನ ಮುಖಕ್ಕೂ ಎಣ್ಣೆಯ ಪಸೆ ಕೂಡ ಇರಬಾರದು. ಎಷ್ಟು ಬಿಗಿ ಅನ್ನುವುದು ಎಂಜಿನ್ನಿಗೆ ತಕ್ಕಂತೆ ಬದಲಾಗುತ್ತದೆ. ಫೋಕ್ಸ್‌ವ್ಯಾಗನ್‌ನ 1.9 ಡೀಸೆಲ್‌ಗಳಲ್ಲೇ ಒಂದಕ್ಕೆ 90 ನ್ಯೂಟನ್ ಮೀಟರ್, ಇನ್ನೊಂದಕ್ಕೆ 120. ಎರಡಕ್ಕೂ ಆಮೇಲೆ ಕಾಲು ಸುತ್ತು. ಅದಕ್ಕೇ ನಿಮ್ಮ ಎಂಜಿನ್ ಕೋಡ್ ನೋಡಿ ಮ್ಯಾನ್ಯುಯಲ್ಲಿನ ಅಂಕಿಯನ್ನೇ ಹಿಡಿಯಿರಿ, ಬಿಗಿ ಅಳೆಯುವ ಟಾರ್ಕ್ ರೆಂಚ್ ಬಳಸಿ, ಇಂಪ್ಯಾಕ್ಟ್ ಗನ್ ಬೇಡ. ಬಿಗಿ ಮಾಡುವಾಗ ಕ್ರ್ಯಾಂಕನ್ನು ಸರಿಯಾದ ಟೂಲ್ ಹಾಕಿ ಹಿಡಿಯಬೇಕು. ಕ್ಯಾಮ್ ಮತ್ತು ಪಂಪಿನ ಲಾಕ್ ಪಿನ್‌ಗಳು ಗುರುತಿಗೆ ಇರುವವು, ಆ ಭಾರ ತಡೆಯುವುದಿಲ್ಲ.

ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಒತ್ತಾಯ ಬೇಡ. ಗುರುತುಗಳು ಮತ್ತೆ ಕೂಡಿಬಂದರೆ ಪಂಪಿನ ಟೈಮಿಂಗ್ ಹೊಂದಿಸಿ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಇಷ್ಟು ದಿನ ಹೀಗೇ ಓಡಿದೆಯಲ್ವಾ, ವಾಲ್ವ್ ಬಗ್ಗಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ.

ಕವರ್ ಮುಚ್ಚುವ ಮುಂಚೆ ಬೋಲ್ಟಿನ ತಲೆಯಿಂದ ಸ್ಪ್ರಾಕೆಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಒಂದೆರಡು ಸಾವಿರ ಕಿಲೋಮೀಟರ್ ಆದ ಮೇಲೆ ಕವರ್ ತೆಗೆದು ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ಕದಲಿದೆ ಅಂತ.