ಕದ್ದ ಹುಡುಗ ಆರೋಪಿಯೋ, ಸಂತ್ರಸ್ತನೋ?

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಮೊಬೈಲ್ ಕದಿಯುತ್ತಿದ್ದ ಹುಡುಗನೊಬ್ಬನನ್ನು ಜನ ಹಿಡಿದರು. ಹದಿಮೂರು ವರ್ಷವಿರಬಹುದು, ಕನ್ನಡ ಬಾರದು. ಅವನ ಬನಿಯನ್ನಿನ ಒಳಗೆ ದಪ್ಪ ಬಟ್ಟೆಯ ಜೇಬೊಂದನ್ನು ಹೊಲಿಯಲಾಗಿತ್ತು. ಕೆಲಸ ಕೊಡಿಸುತ್ತೇನೆಂದು ಕರೆತಂದವನು ದಿನಕ್ಕೆ ಮೂರು ಮೊಬೈಲ್ ತರದಿದ್ದರೆ ಊಟ ಹಾಕುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ ಅತ್ತ. ಪೊಲೀಸರು ಕರೆದೊಯ್ದರು. ಇಂಥ ಮಗುವಿಗೂ ಶಿಕ್ಷೆಯೇ? ಬ್ರಿಟನ್ನಿನಲ್ಲಿ ವಿನಾಯಿತಿ ಇದೆಯಂತೆ, ನಮ್ಮಲ್ಲೇಕಿಲ್ಲ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಜೈಲು ಶಿಕ್ಷೆಯಂತೂ ಇಲ್ಲ. ಆದರೆ ಅವನು ಬಾಲ ನ್ಯಾಯ ಮಂಡಳಿಯ ಮುಂದೆ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎಂದು ನಿಲ್ಲಬೇಕಾಗಬಹುದು, ಮಂಡಳಿ ಅವನನ್ನು ಮೂರು ವರ್ಷಗಳವರೆಗೆ ವಿಶೇಷ ಗೃಹಕ್ಕೂ ಕಳುಹಿಸಬಹುದು. ಅದೇ ಹುಡುಗ, ಅದೇ 2015ರ ಬಾಲ ನ್ಯಾಯ ಕಾಯ್ದೆಯಡಿ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೂ ಆಗಬಲ್ಲ. ಆಗ ಅವನ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಸೇರುತ್ತದೆ. ಒಂದೇ ಮಗು ಎರಡೂ ಆಗಿರಬಹುದೆಂದು ಕಾಯ್ದೆಯ 8ನೇ ಕಲಮು ಒಪ್ಪಿಕೊಂಡು, ಯಾವ ಹಂತದಲ್ಲಾದರೂ ವಿಷಯವನ್ನು ಸಮಿತಿಗೆ ವರ್ಗಾಯಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿದೆ. ಆದರೆ ಠಾಣೆಯಲ್ಲಿ ಮೊದಲ ದಿನ ಬರೆದ ಕಾಗದವೇ ಬಹುಮಟ್ಟಿಗೆ ಮಗುವಿನ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ ಎಂಬುದನ್ನು ವಕೀಲಳಾಗಿ ನಾನು ಕಂಡಿದ್ದೇನೆ.

ಇದೇ ಕಾಯ್ದೆಯಡಿ ರಚಿಸಿದ 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧವಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ವಯಸ್ಕರ ಜೊತೆಗೂಡಿ ಮಾಡಿದ ಅಪರಾಧಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ವಯಸ್ಕನೊಬ್ಬನ ಕೈಗೊಂಬೆಯಾದ ಮಗುವಿಗೇ ಈ ಅಪವಾದ ಮುಳುವಾಗುತ್ತದೆ ಎಂಬುದು ನಿಯಮ ಬರೆದವರಿಗೆ ಹೊಳೆದಂತೆ ಕಾಣುವುದಿಲ್ಲ. ಕರೆತಂದವನ ಮೇಲೆ ಎಫ್‌ಐಆರ್ ಆಗಲೇಬೇಕು: ಮಗುವನ್ನು ಅಪರಾಧಕ್ಕೆ ಬಳಸುವವರಿಗೆ, ಹಳೆಯ ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಮಿನಡಿ ಮೂರರಿಂದ ಹತ್ತು ವರ್ಷ ಸೆರೆವಾಸವಿದೆ. ಆದರೆ ಅದೇ ಎಫ್‌ಐಆರ್‌ನಲ್ಲಿ ಹುಡುಗನ ಹೆಸರು ಆರೋಪಿಗಳ ಸಾಲಿನಲ್ಲಿ ಬರಬಾರದು. ಸಂಹಿತೆಯ 143ನೇ ಕಲಮಿನ ಮಾನವ ಕಳ್ಳಸಾಗಣೆಯ ವಿವರಣೆಗೆ ಭಿಕ್ಷಾಟನೆಯನ್ನು ಹೊಸದಾಗಿ ಸೇರಿಸಿದ್ದಾರೆ, ಕಳ್ಳತನ ಮಾಡಿಸುವುದನ್ನು ಹೆಸರಿಸಿಲ್ಲ.

ನಮ್ಮಲ್ಲಿ ಪ್ರಯತ್ನ ನಡೆದಿಲ್ಲವೆಂದಲ್ಲ. 2018ರ ಜುಲೈನಲ್ಲಿ ಲೋಕಸಭೆ ಅಂಗೀಕರಿಸಿದ ಕಳ್ಳಸಾಗಣೆ ತಡೆ ಮಸೂದೆಯಲ್ಲಿ ಸಂತ್ರಸ್ತರಿಗೆ ವಿನಾಯಿತಿ ಇತ್ತಾದರೂ, ಅದು ಹತ್ತು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗಷ್ಟೇ ಸೀಮಿತವಾಗಿತ್ತು. ಬಲವಂತಕ್ಕೊಳಗಾಗಿ ಕೊಲೆ ಮಾಡಿದವರಿಗೆ ದೊರೆಯುವ ರಕ್ಷಣೆ ಮೊಬೈಲ್ ಕದ್ದವನಿಗೆ ದೊರೆಯುತ್ತಿರಲಿಲ್ಲ! 2019ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಮಸೂದೆಯೂ ಬಿದ್ದುಹೋಯಿತು.

ನೀವು ಕೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ, 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಕಲಮಿನ ವಿಷಯ. ವಯಸ್ಕರು ಬಲವಂತವನ್ನು ಮುಂದಿಡಬೇಕು. ಹದಿನೆಂಟರೊಳಗಿನವರು ಅದನ್ನು ತೋರಿಸಬೇಕಿಲ್ಲ, ಕೃತ್ಯವು ಶೋಷಣೆಯ ನೇರ ಫಲವೇ ಎಂಬುದು ಅಲ್ಲಿ ಮುಖ್ಯ. ಕೊಲೆಯಂಥ ಗಂಭೀರ ಅಪರಾಧಗಳು ಇದರಿಂದ ಹೊರಗಿವೆ. ಕಾನೂನಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗಿಲ್ಲ ನಿಜ, ಆದರೆ ಇದಕ್ಕೆ ಮೊದಲಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು: 2009ರಲ್ಲಿ ಗಾಂಜಾ ಗಿಡಗಳಿದ್ದ ಮನೆಗಳಲ್ಲಿ ಸಿಕ್ಕ ಇಬ್ಬರು ವಿಯೆಟ್ನಾಂ ಹುಡುಗರನ್ನು ಅಪರಾಧಿಗಳೆಂದೇ ಶಿಕ್ಷಿಸಲಾಗಿತ್ತು, ಅದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2021ರ ಫೆಬ್ರವರಿಯಲ್ಲಿ.

ನಮಗೆ ಬೇಕಾದದ್ದು ಅಂಥದ್ದೇ ಒಂದು ಕಲಮು, ಸಣ್ಣ ಅಪರಾಧಗಳನ್ನು ಬಿಟ್ಟುಬಿಡದ ಕಲಮು. ಇದಕ್ಕಾಗಿ ನಿಮ್ಮ ಸಂಸದರಿಗೆ ಬರೆಯಬಹುದು. ಅಲ್ಲಿಯವರೆಗೆ, ‘ನಿನ್ನನ್ನು ಇಲ್ಲಿಗೆ ಕರೆತಂದವರು ಯಾರು?’ ಎಂದು ಮಗುವನ್ನು ಕೇಳಿ ದಾಖಲಿಸುವುದನ್ನು ಪೊಲೀಸರಿಗೆ ಕಡ್ಡಾಯ ಮಾಡುವ ನಿಯಮವನ್ನು ರಾಜ್ಯ ಸರ್ಕಾರವೇ ತರಬಹುದು. ಈ ಬೇಡಿಕೆಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಸಲ್ಲಿಸಿ. ಈ ಹುಡುಗನ ಮಟ್ಟಿಗೆ ಹೇಳುವುದಾದರೆ, ನೀವು ಕಂಡದ್ದನ್ನೂ ಕೇಳಿದ್ದನ್ನೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತವಾಗಿ ಕೊಡಿ. ಬನಿಯನ್ನಿನ ಜೇಬಿನ ವಿಷಯ ಅದರಲ್ಲಿ ತಪ್ಪದೆ ಇರಲಿ. ಅದನ್ನು ಹೊಲಿದುಕೊಟ್ಟವರು ಯಾರೆಂದು ಪೊಲೀಸರು ಹುಡುಕಬೇಕಾಗುತ್ತದೆ.