ಪುರಾಣದ ಕಥೆ ಬರೆಯಿರಿ ಅಂದರೆ ಮಕ್ಕಳು ಸಾರಾಂಶ ಬರೆಯುತ್ತಾರೆ. ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ದಾವಣಗೆರೆ ಹತ್ತಿರದ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕನ್ನಡ ಪಾಠ, ಒಂದು ಕೋಣೆಯಲ್ಲಿ 40 ಮಕ್ಕಳು. ಬಾಯಲ್ಲಿ ಹೇಳುವಾಗ ಕೈಕಾಲು ಆಡಿಸಿ ಕಥೆ ಹೇಳುವ ಮಕ್ಕಳೇ ಬರೆಯಲು ಕೂತರೆ ‘ಒಂದಾನೊಂದು ಕಾಲದಲ್ಲಿ’ ಎಂದು ಶುರು ಮಾಡಿ, ಅರ್ಧ ಪುಟದಲ್ಲಿ ಯುದ್ಧ ಮುಗಿಸಿ, ‘ಈ ಕಥೆಯ ನೀತಿ ಏನೆಂದರೆ’ ಎಂದು ಪೆನ್ನು ಮುಚ್ಚುತ್ತಾರೆ. 40 ಪುಸ್ತಕ ತೆಗೆದರೂ ಒಂದೇ ಬರಹ.

ಇದರಲ್ಲಿ ಮಕ್ಕಳ ತಪ್ಪಿಲ್ಲ. ಅವರಿಗೆ ವರ್ಷಗಟ್ಟಲೆ ಅಭ್ಯಾಸ ಮಾಡಿಸಿರುವುದೇ ಸಾರಾಂಶ ಬರೆಯುವುದನ್ನು, ಪರೀಕ್ಷೆಯಲ್ಲಿ ಅಂಕ ಬರುವುದೂ ಅದಕ್ಕೇ. ಮೇಲಾಗಿ ಇಡೀ ಕಥೆಯನ್ನು 250 ಪದಗಳಲ್ಲಿ ಕೇಳಿದರೆ ದೊಡ್ಡ ಲೇಖಕರೂ ಸಾರಾಂಶವನ್ನೇ ಬರೆಯಬೇಕಾಗುತ್ತದೆ. ಆದ್ದರಿಂದ ಇಡೀ ಕಥೆ ಕೇಳುವುದನ್ನು ಬಿಡಿ. ಕಥೆಯ ಚೌಕಟ್ಟು ಇದ್ದ ಹಾಗೇ ಇರಲಿ. ಅದರೊಳಗಿನ ಒಂದೇ ಸನ್ನಿವೇಶವನ್ನು, ಅಲ್ಲಿದ್ದು ನೋಡಿದ ಒಬ್ಬರ ಕಣ್ಣಿನಿಂದ ಬರೆಸಿ. ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸುವ ದಾರಿ. 40-45 ನಿಮಿಷದ ಆರು ಪೀರಿಯಡ್ ಸಾಕು.

ಕಥೆಯನ್ನು ದೂರದಿಂದ ತರಬೇಡಿ, ಪಕ್ಕದಲ್ಲೇ ಹರಿಹರ ಇದೆ. ಗುಹಾಸುರ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಲೋಕಕ್ಕೆ ಉಪಟಳ ಹೆಚ್ಚಾದಾಗ ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಕಥೆ ಚಿಕ್ಕದು, ಮಕ್ಕಳಿಗೆ ಗೊತ್ತಿರುವಂಥದ್ದು, ಬೇಕಾದರೆ ಕರೆದುಕೊಂಡು ಹೋಗಿ ಮೂರ್ತಿ ತೋರಿಸಬಹುದು. ಬಲಭಾಗ ಹರ, ಎಡಭಾಗ ಹರಿ.

ಮೊದಲ ಪೀರಿಯಡ್‌ನಲ್ಲಿ ಕಥೆ ಹೇಳಿ, ಬೋರ್ಡಿನ ಮೇಲೆ ವರ ಮತ್ತು ಅದರ ಸಂದು (ವರ ಮುಚ್ಚದೆ ಬಿಟ್ಟ ದಾರಿ) ಎರಡನ್ನೇ ಬರೆಯಿರಿ. ಪಕ್ಕದಲ್ಲಿ ಹಿರಣ್ಯಕಶಿಪು, ರಾವಣ, ಮಹಿಷಾಸುರ, ಭಸ್ಮಾಸುರ ಇವರನ್ನೂ ಸೇರಿಸಿ. ಹಿರಣ್ಯಕಶಿಪು ಕೇಳಿದ್ದು ಮನುಷ್ಯನಿಂದಲೂ ಮೃಗದಿಂದಲೂ, ಹಗಲಲ್ಲೂ ರಾತ್ರಿಯಲ್ಲೂ, ಒಳಗೂ ಹೊರಗೂ, ನೆಲದ ಮೇಲೂ ಆಕಾಶದಲ್ಲೂ, ಆಯುಧದಿಂದಲೂ ಸಾವು ಬೇಡ ಎಂದು. ಸಿಕ್ಕಿದ್ದು ನರಸಿಂಹ, ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು. ಐದು ಬೀಗಕ್ಕೆ ಐದು ಕೀಲಿ. ರಾವಣನದು ಬೇರೆ ಬಗೆ. ಅವನು ದೇವ ದಾನವ ಯಕ್ಷರಿಂದೆಲ್ಲ ರಕ್ಷಣೆ ಕೇಳಿ, ಮನುಷ್ಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮಹಿಷ ಹೆಣ್ಣನ್ನು ಲೆಕ್ಕಕ್ಕಿಡಲಿಲ್ಲ. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿಯುವವರೆಗೆ ಕಾಯಿರಿ, ಅವಸರ ಮಾಡಬೇಡಿ. ಹಿರಣ್ಯಕಶಿಪುವಿನ ಸಂದು ಜಾಣತನದ್ದು, ಅದರಿಂದ ಕಥೆಗೆ ತಿರುವು ಸಿಗುತ್ತದೆ. ರಾವಣನ ಸಂದು ತಾತ್ಸಾರದ್ದು, ಅದರಿಂದ ಪಾತ್ರದ ಸ್ವಭಾವ ಗೊತ್ತಾಗುತ್ತದೆ. ಭಸ್ಮಾಸುರನಿಗೆ ಸಂದೇ ಬೇಕಿಲ್ಲ, ವರವೇ ಅವನ ತಲೆಯ ಮೇಲೆ ಬಂತು. ಕಥನ ಕಲಿಸಲು ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಎರಡನೇ ಪೀರಿಯಡ್ ಆಟಕ್ಕೆ. ಐದೈದು ಮಕ್ಕಳ ಎಂಟು ಗುಂಪು. ಪ್ರತಿ ಗುಂಪೂ ಮೂರು ಷರತ್ತಿನ ಒಂದು ವರ ಬರೆದು ಪಕ್ಕದ ಗುಂಪಿಗೆ ಕೊಡುತ್ತದೆ, ಅವರು 10 ನಿಮಿಷದಲ್ಲಿ ಸಂದು ಹುಡುಕಬೇಕು. ಇಲ್ಲಿ ಖಂಡಿತ ಒಂದು ತೊಡಕು ಬರುತ್ತದೆ. ಯಾವುದಾದರೂ ಗುಂಪು ‘ಯಾರಿಂದಲೂ ಯಾವಾಗಲೂ ಸಾವಿಲ್ಲ’ ಎಂದು ಬರೆದು ಗೆದ್ದೆವು ಅನ್ನುತ್ತದೆ. ಅಮರತ್ವವನ್ನು ಬ್ರಹ್ಮ ಕೊಡುವುದಿಲ್ಲ, ಬೇರೆ ಕೇಳು ಅನ್ನುತ್ತಾನೆ ಎಂಬುದನ್ನು ಆಗ ನೆನಪಿಸಿ. ಪುರಾಣ ಅಲ್ಲಿ ಬಾಗಿಲು ಹಾಕಿರುವುದಕ್ಕೆ ಕಾರಣವಿದೆ: ಸಂದಿಲ್ಲದ ವರ ಕೊಟ್ಟರೆ ಮುಂದೆ ಕಥೆ ನಡೆಯುವುದೇ ಇಲ್ಲ.

ಮೂರನೆಯದು ಸಾಕ್ಷಿಯನ್ನು ಆರಿಸುವ ಪೀರಿಯಡ್. ಹರಿಹರನ ಕಣ್ಣಿನಿಂದಾಗಲಿ ಗುಹಾಸುರನ ಕಣ್ಣಿನಿಂದಾಗಲಿ ಬರೆಸಬೇಡಿ. ದೇವರಾಗಿ ಬರೆಯಲು ಮಕ್ಕಳಿಗೆ ಭಯ, ರಾಕ್ಷಸನಾಗಿ ಬರೆದರೆ ‘ಹ್ಹ ಹ್ಹ ಹ್ಹಾ’ ಬಿಟ್ಟು ಬೇರೇನೂ ಬರುವುದಿಲ್ಲ. ಹೊಳೆ ದಾಟಿಸುವ ಅಂಬಿಗ, ದನ ಕಾಯುವ ಹುಡುಗ, ಗುಹಾಸುರನ ಮನೆಯ ಅಡುಗೆಯವಳು, ಸಮಿತ್ತು ತರಲು ಕಾಡಿಗೆ ಹೋದ ಶಿಷ್ಯ, ಇಂಥವರು ಬೇಕು. ಇವರು ನಾವು ಕಟ್ಟಿದ ಪಾತ್ರಗಳು ಎಂದು ಸ್ಪಷ್ಟವಾಗಿ ಹೇಳಿಬಿಡಿ. ನಿಯಮ ಒಂದೇ: ಸಾಕ್ಷಿ ಕಥೆಯ ಫಲವನ್ನು ಬದಲಿಸುವಂತಿಲ್ಲ. ಇಲ್ಲದಿದ್ದರೆ ಅಂಬಿಗನೇ ಹುಟ್ಟುಗೋಲಿನಿಂದ ಗುಹಾಸುರನನ್ನು ಹೊಡೆದು ಕೊಲ್ಲುತ್ತಾನೆ.

ಪಾತ್ರಕ್ಕೆ ಜೀವ ಬರಬೇಕಾದರೆ ಬಯಲಾಟದ ಸಾರಥಿಯನ್ನು ತರಗತಿಗೆ ಕರೆತನ್ನಿ. ನಮ್ಮ ಕಡೆಯ ಆಟಗಳಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ನೀನ್ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಕೇಳುತ್ತಾನಲ್ಲ, ಅದೇ ಕ್ರಮ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಸಾರಥಿ, ಇನ್ನೊಬ್ಬರು ಸಾಕ್ಷಿ. ಕೇಳಬೇಕಾದ ಪ್ರಶ್ನೆ ಐದು: ಬೆಳಗ್ಗೆಯಿಂದ ಏನು ಮಾಡುತ್ತಿದ್ದೆ? ಕೈಯಲ್ಲಿ ಏನಿತ್ತು? ಮೊದಲು ಕಿವಿಗೆ ಬಿದ್ದದ್ದು ಏನು? ಯಾರಿಗೆ ಹೆದರುತ್ತೀ? ಇವತ್ತು ನಿನಗೆ ಏನು ಬೇಕಾಗಿತ್ತು? ಉತ್ತರ ಬಾಯಲ್ಲೇ ಬರಲಿ, ಅವರ ಆಡುಮಾತಿನಲ್ಲೇ ಬರಲಿ. ಸಾರಥಿಯಾದವರು ಅದನ್ನು ಐದು ಸಾಲಲ್ಲಿ ಗುರುತು ಹಾಕಿಕೊಟ್ಟರೆ ಬರೆಯುವವರಿಗೆ ಸಾಮಗ್ರಿ ಸಿದ್ಧ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಲು ಬಿಡಬೇಡಿ. ಸಾಕ್ಷಿಗೆ ಸ್ವಂತದ್ದೊಂದು ಆಸೆ ಇಲ್ಲದಿದ್ದರೆ ಅವನು ಬರೀ ಕ್ಯಾಮೆರಾ ಆಗುತ್ತಾನೆ.

ನಾಲ್ಕನೇ ಪೀರಿಯಡ್‌ನಲ್ಲಿ ಬರವಣಿಗೆ. ಮಿತಿ 200ರಿಂದ 250 ಪದ, ಕಥೆಯೊಳಗಿನ ಕಾಲ ಅರ್ಧ ಗಂಟೆ ಮೀರಬಾರದು, ಜಾಗ ಒಂದೇ. ‘ಕ್ರೂರಿ’, ‘ಭಯಂಕರ’, ‘ಮಹಿಮೆ’, ‘ಸಂಹರಿಸಿದನು’ ಈ ನಾಲ್ಕು ಪದ ನಿಷೇಧ. ‘ಇದ್ದನಂತೆ, ಬಂದನಂತೆ’ ಬೇಡ, ಅದು ಕೇಳಿದವರ ಮಾತು, ಸಾಕ್ಷಿ ಕಣ್ಣಾರೆ ಕಂಡವನು. ಫಲ ಏನೆಂದು ನೋಡಿ. ಈ ಮಿತಿಗಳಿಲ್ಲದೆ ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

‘ಗುಹಾಸುರನು ಬಹಳ ಕ್ರೂರಿಯಾಗಿದ್ದನು. ಅವನು ಜನರಿಗೆ ತುಂಬಾ ತೊಂದರೆ ಕೊಡುತ್ತಿದ್ದನು. ಆಗ ಹರಿಹರನು ಬಂದು ಅವನನ್ನು ಸಂಹರಿಸಿದನು. ಜನರೆಲ್ಲ ಸಂತೋಷಪಟ್ಟರು.’

ಅದೇ ಅಂಬಿಗನ ಬಾಯಲ್ಲಿ:

‘ಬೆಳಗಿನಿಂದ ಹೊಳೆ ದಾಟಲು ಒಬ್ಬರೂ ಬಂದಿರಲಿಲ್ಲ. ಹರಿಗೋಲನ್ನು ದಡದ ಮೇಲೆ ಮಗುಚಿ ಹಾಕಿ ಅದರ ನೆರಳಲ್ಲಿ ಕೂತಿದ್ದೆ. ಕಾಡಿನ ಕಡೆಯಿಂದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಮರಳ ಮೇಲೆ ಯಾರೋ ನಡೆದು ಬರುತ್ತಿದ್ದರು. ಒಂದು ಮಗ್ಗುಲಿಂದ ಬೂದಿ ಉದುರುತ್ತಿತ್ತು, ಇನ್ನೊಂದು ಮಗ್ಗುಲಿಂದ ತುಳಸಿಯ ವಾಸನೆ. ಇಬ್ಬರು ಗಿರಾಕಿ ಬಂದರು ಅಂತ ಎದ್ದು ನಿಂತೆ. ಹೆಜ್ಜೆ ಒಬ್ಬರದೇ ಇತ್ತು.’

ಎರಡನೆಯದರಲ್ಲಿ ದೇವರ ಹೆಸರೇ ಇಲ್ಲ, ಆದರೂ ಓದುವವರಿಗೆ ಯಾರೆಂದು ಗೊತ್ತು. ಅಂಬಿಗನಿಗೆ ಬೇಕಾದದ್ದು ಗಿರಾಕಿ, ಅದೂ ಒಳಗೇ ಇದೆ. ಆದರೆ ಈ ಮಾದರಿಯನ್ನು ಬರೆಸುವ ಮುಂಚೆ ಓದಬೇಡಿ. ಓದಿದರೆ 40 ಅಂಬಿಗರು, 40 ಹರಿಗೋಲು ಗ್ಯಾರಂಟಿ. ಮಾದರಿ ತೋರಿಸಲೇಬೇಕಿದ್ದರೆ ಬೇರೆ ಕಥೆಯದ್ದನ್ನು ತೋರಿಸಿ, ನರಸಿಂಹನ ಹೊಸ್ತಿಲು ಗುಡಿಸುತ್ತಿದ್ದ ಹುಡುಗಿಯದ್ದು ಹೀಗೆ.

ಸಂಭಾಷಣೆ ಬಂದಾಗ ಟಿವಿ ಧಾರಾವಾಹಿ ನುಸುಳುತ್ತದೆ, ‘ಎಲೈ ದುರಾತ್ಮನೇ, ನಿಲ್ಲು’ ಎಂದು. ನಿರೂಪಣೆ ಗ್ರಂಥಸ್ಥ ಕನ್ನಡದಲ್ಲಿರಲಿ, ಮಾತು ಊರ ಕನ್ನಡದಲ್ಲಿರಲಿ ಎಂದು ಹೇಳಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ‘ಎಲ್ಲಿಗೆ ಹೊಂಟ್ಯಪ್ಪ, ಈ ಹೊತ್ನಾಗೆ?’ ಎಂದು ಅಂಬಿಗ ಕೇಳಿದರೆ ಪುರಾಣದ ಗೌರವಕ್ಕೆ ಏನೂ ಕುಂದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂಬ ಗೊಂದಲಕ್ಕೆ ರನ್ನನ ಗದಾಯುದ್ಧಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿಲ್ಲ. ಮಹಾಭಾರತದ ಕಥೆಯೆಲ್ಲ ಮುಗಿಯುತ್ತ ಬಂದ ಕಡೆ ಅವನು ಆರಂಭಿಸುತ್ತಾನೆ, ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಒಳಗೆ ತರುತ್ತಾನೆ. ಮಕ್ಕಳಿಗೆ ಇಷ್ಟು ಹೇಳಿ: ಮೊದಲ ಸಾಲಿನಲ್ಲೇ ಸಾಕ್ಷಿ ಜಾಗದಲ್ಲಿರಬೇಕು, ವರದ ಕಥೆ ಬೇಕಾದರೆ ನಡುವೆ ಎರಡು ಸಾಲಿನಲ್ಲಿ ಬರಲಿ.

ತಿದ್ದುವ ವಿಷಯ. 40 ಪುಸ್ತಕದ ಎಲ್ಲ ಕಾಗುಣಿತವನ್ನು ಕೆಂಪು ಶಾಯಿಯಲ್ಲಿ ತಿದ್ದಿದರೆ ನಿಮ್ಮ ಭಾನುವಾರ ಹೋಗುತ್ತದೆ, ಮಕ್ಕಳ ಉತ್ಸಾಹವೂ ಹೋಗುತ್ತದೆ. ಮೊದಲ ಕರಡಿನಲ್ಲಿ ಆರಂಭದ ಪ್ಯಾರಾ ಮತ್ತು ಕೊನೆಯ ಮೂರು ಸಾಲು ಮಾತ್ರ ಓದಿ. ನಿಮಗೆ ಕಣ್ಣಿಗೆ ಕಟ್ಟಿದ ಒಂದು ಸಾಲಿನ ಕೆಳಗೆ ಗೆರೆ ಎಳೆಯಿರಿ, ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ. ಐದನೇ ಪೀರಿಯಡ್‌ನಲ್ಲಿ ಪುಸ್ತಕ ಅದಲುಬದಲು ಮಾಡಿಸಿ, ಸಹಪಾಠಿಗಳಿಗೂ ಇದೇ ನಿಯಮ: ‘ಚೆನ್ನಾಗಿದೆ’ ಎಂದು ಬರೆಯುವ ಹಾಗಿಲ್ಲ, ಒಂದು ಪ್ರಶ್ನೆ ಕೇಳಲೇಬೇಕು. ‘ಹೊಳೆಯಲ್ಲಿ ನೀರು ಎಷ್ಟಿತ್ತು?’ ಎಂಬಂಥ ಪ್ರಶ್ನೆ ಹತ್ತು ಮೆಚ್ಚುಗೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೂರು ನಾಲ್ಕು ದಿನ ಬಿಟ್ಟು ಆರನೇ ಪೀರಿಯಡ್‌ನಲ್ಲಿ ಎರಡನೇ ಕರಡು, ಕಾಗುಣಿತ ಆಗ. ಕೊನೆಯ ನೀತಿ ವಾಕ್ಯವನ್ನು ಹೊಡೆದು ಹಾಕಿಸಿ. ಆ ಒಂದು ಗೆರೆಗೆ ಮಕ್ಕಳು ತುಂಬ ಪ್ರತಿರೋಧ ಒಡ್ಡುತ್ತಾರೆ, ನೀವು ಬಿಟ್ಟುಕೊಡಬೇಡಿ. ಅಚ್ಚುಕಟ್ಟಾದ ಪ್ರತಿಗಳನ್ನು ಗೋಡೆಪತ್ರಿಕೆಗೆ ಹಾಕಿದರೆ ಓದುವವರು ಸಿಗುತ್ತಾರೆ. ಮೇಷ್ಟ್ರೊಬ್ಬರೇ ಓದುವ ಬರಹವನ್ನು ಯಾವ ಮಗುವೂ ಎರಡು ಸಲ ಬರೆಯುವುದಿಲ್ಲ.

ಇದು ಕೈಗೆ ಹತ್ತಿದ ಮೇಲೆ ಚಿತ್ರದುರ್ಗದ ಕಡೆ ತಿರುಗಿ. ಆದಿಪರ್ವದಲ್ಲಿ ಅರಗಿನ ಮನೆಯಿಂದ ಪಾರಾದ ಪಾಂಡವರು ಕಾಡಿಗೆ ಬಂದಾಗ ಭೀಮ ಹಿಡಿಂಬನನ್ನು ಕೊಲ್ಲುತ್ತಾನೆ. ಕೋಟೆಯ ಮೇಲಿನ ಹಿಡಿಂಬೇಶ್ವರ ಗುಡಿ ಅದು ಇಲ್ಲೇ ನಡೆಯಿತು ಅನ್ನುತ್ತದೆ, ಹಿಡಿಂಬನ ಹಲ್ಲು ಎಂದು ಒಂದನ್ನು ತೋರಿಸುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಜಟಾಯು ಬಿದ್ದ ಎಂಬ ನಂಬಿಕೆ. ಆಂಧ್ರದ ಲೇಪಾಕ್ಷಿಯೂ ಅದನ್ನೇ ಹೇಳುತ್ತದೆ. ಯಾವುದು ನಿಜ ಎಂದು ಕೇಳಿಸಬೇಡಿ, ಜಗಳವಷ್ಟೇ ಉಳಿಯುತ್ತದೆ. ಈ ಬಂಡೆಯನ್ನು ನೋಡಿದವರಿಗೆ ಆ ಕಥೆಯೇ ಯಾಕೆ ನೆನಪಾಯಿತು ಎಂದು ಕೇಳಿಸಿ. ಜೊತೆಗೆ ಪುರಾಣ, ಐತಿಹ್ಯ (ಬಾಯಿಂದ ಬಾಯಿಗೆ ಬಂದ ಕಥೆ), ಇತಿಹಾಸ ಎಂದು ಮೂರು ಕಂಬಸಾಲು ಹಾಕಿಸಿ. ಗುಹಾಸುರ ಮೊದಲನೆಯದಕ್ಕೆ. ಹೈದರಾಲಿಯ ಸೈನಿಕರನ್ನು ಕಿಂಡಿಯಲ್ಲಿ ತಡೆದ ಓಬವ್ವ ಎರಡನೆಯದಕ್ಕೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರದ ಗುಡಿ ಕಟ್ಟಿಸಿದ್ದು, ಜಟಿಂಗ ರಾಮೇಶ್ವರದ ಅಶೋಕನ ಶಾಸನ, ಇವು ಮೂರನೆಯದಕ್ಕೆ. ಒಂದೇ ಬೆಟ್ಟ ಎರಡು ಕಂಬಸಾಲಿನಲ್ಲಿ ಬರುವುದನ್ನು ಮಕ್ಕಳು ತಾವೇ ನೋಡಲಿ. ಓಬವ್ವನನ್ನು ಪುರಾಣಕ್ಕೆ ಹಾಕುವ ತಪ್ಪು ಪ್ರತಿ ತರಗತಿಯಲ್ಲೂ ಆಗುತ್ತದೆ.

ಒಂದು ಎಚ್ಚರಿಕೆ ಗಂಭೀರವಾಗಿ ಹೇಳುತ್ತೇನೆ. ಚಳ್ಳಕೆರೆ, ಹಿರಿಯೂರು ಕಡೆಯ ಮಕ್ಕಳಿದ್ದರೆ ಜುಂಜಪ್ಪ, ಗಾದರಿ ಪಾಲನಾಯಕ ಇವರ ಕಥೆಗಳು ಬರುತ್ತವೆ. ಇವು ಕಾಡುಗೊಲ್ಲರ, ಮ್ಯಾಸಬೇಡರ ಮನೆಗಳಲ್ಲಿ ಇವತ್ತಿಗೂ ನಡೆದುಕೊಳ್ಳುವ ದೇವರು. ಮನೆದೇವರ ಕಥೆಯನ್ನು ಇತರರ ಕೈಗೆ ಸಾಕ್ಷಿ ಆಟಕ್ಕೆ ಕೊಡಬೇಡಿ. ಆ ಮಗುವೇ ಅಜ್ಜಿಯ ಬಳಿ ಕೇಳಿ, ಹೇಳಿದ ಹಾಗೇ ಬರೆದು ತರಲಿ. ಈ ಕಥೆಗಳನ್ನು ಹಾಡುವವರು ಇದನ್ನು ಬರೆಯಬಾರದು ಅಂದರೆ ಅಲ್ಲಿಗೇ ನಿಲ್ಲಿಸಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡು ನೆನಪಿನಲ್ಲಿಟ್ಟಿದ್ದವರು. ಕಥನ ಕಲೆ ಆ ಮಕ್ಕಳ ಮನೆಯಲ್ಲೇ ಇದೆ ಎಂದು ಅವರಿಗೆ ಹೇಳಲು ಆ ಒಂದು ಹೆಸರು ಸಾಕು.

ತಾಂಡಾದ ಲಂಬಾಣಿ ಮಕ್ಕಳು, ಉರ್ದು ಮನೆಮಾತಿನ ಮಕ್ಕಳು ಸಾರಥಿಯ ಐದು ಪ್ರಶ್ನೆಗೆ ತಮ್ಮ ಮಾತಿನಲ್ಲೇ ಉತ್ತರಿಸಲಿ, ಅದೇ ಭಾಷೆಯ ಜೋಡಿ ಕೊಡಿ. ಗುಹಾಸುರನ ಬದಲು ತಮ್ಮ ಊರಿನ ದರ್ಗಾದ ಕಥೆಯನ್ನೋ ತಾಂಡಾದ ಸಂತ ಸೇವಾಲಾಲರ ಕಥೆಯನ್ನೋ ಆರಿಸಿಕೊಂಡರೆ ಬೇಡ ಅನ್ನಬೇಡಿ. ವರದ ಆಟ ಅದಕ್ಕೆ ಹೊಂದದೇ ಹೋಗಬಹುದು, ಆಗ ಮೂರನೇ ಪೀರಿಯಡ್‌ನಿಂದ ಶುರು ಮಾಡಿ. ಸಾಕ್ಷಿ, ಒಂದೇ ಜಾಗ, ಅರ್ಧ ಗಂಟೆ ಈ ಮೂರು ಮಿತಿ ಮಾತ್ರ ಎಲ್ಲರಿಗೂ ಒಂದೇ ಇರಲಿ.