ಹೋಯ್ ಆನ್‌ನಲ್ಲಿ ಎರಡೇ ದಿನ: ಮೀ ಸನ್ ಬಿಡಬೇಡಿ

ಅಪ್ಪ ಅಮ್ಮನ ಜೊತೆ ವಿಯೆಟ್ನಾಂನ ಹೋಯ್ ಆನ್‌ನಲ್ಲಿ ಎರಡೇ ದಿನ ಇರುವಾಗ ಮೀ ಸನ್‌ಗೆ ಅರ್ಧ ದಿನ ಕೊಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೊಡಿ. ಊರಿನಿಂದ ಸುಮಾರು 40 ಕಿಲೋಮೀಟರ್ ಅಷ್ಟೇ. ಹಿಂದೆ ಮಧ್ಯ ವಿಯೆಟ್ನಾಂ ಆಳಿದ ಚಂಪಾ ರಾಜ್ಯದ ಅರಸರು ಶತಮಾನಗಳ ಕಾಲ ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು ಅಲ್ಲಿವೆ. ನಾಲ್ಕನೆಯ ಶತಮಾನದಲ್ಲಿ ಅರಸ ಭದ್ರವರ್ಮ ಸ್ಥಾಪಿಸಿದ ಲಿಂಗಕ್ಕೆ ಭದ್ರೇಶ್ವರ ಎಂದು ಹೆಸರು! ಸಂಸ್ಕೃತ ಶಾಸನಗಳೂ ಇವೆ. ಅಷ್ಟು ದೂರದ ಕಾಡಿನ ಕಣಿವೆಯಲ್ಲಿ ಶಿವಲಿಂಗದ ಮುಂದೆ ನಿಂತಾಗ ನನ್ನ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ದೊಡ್ಡ ಗೋಪುರವೇ ಕುಸಿಯಿತು. ಉಳಿದ ಕೆಲವು ಗುಡಿಗಳನ್ನು ಭಾರತೀಯ ಪುರಾತತ್ತ್ವ ಇಲಾಖೆ ಜೀರ್ಣೋದ್ಧಾರ ಮಾಡಿದೆ.

ಬೆಳಗ್ಗೆ ಬೇಗ ಹೊರಡಿ, ಹನ್ನೊಂದರ ನಂತರದ ಸೆಕೆ ಹಿರಿಯರಿಗೆ ಕಷ್ಟ. ಪ್ರವೇಶದ್ವಾರದಿಂದ ಒಳಕ್ಕೆ ವಿದ್ಯುತ್ ವಾಹನವಿದೆ, ಆದರೂ ಸ್ವಲ್ಪ ನಡೆಯಲೇಬೇಕು.

ಹಳೆಯ ಪೇಟೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಜಪಾನೀ ಸೇತುವೆ, ಥು ಬೋನ್ ನದಿಯ ದಡ, ದೀಪಗಳು, ಎಲ್ಲವೂ ನಡೆದೇ ನೋಡುವಷ್ಟು ಹತ್ತಿರ. ಸಸ್ಯಾಹಾರಕ್ಕೆ ‘ಚಾಯ್’ (ಚಹಾ ಅಲ್ಲ, ಅಲ್ಲಿ ಸಸ್ಯಾಹಾರ ಎಂದರ್ಥ) ಎಂಬ ಫಲಕ ಹುಡುಕಿ. ಅಕ್ಟೋಬರ್, ನವೆಂಬರ್ ಮಾತ್ರ ಬೇಡ. ನದಿ ಉಕ್ಕಿ ಬೀದಿಗೇ ಬರುತ್ತದೆ.